ಸಾಹೇಬ್ರು ಬಸ್ಸಿಗಿ ನಿಂತ ದಿನ

ಭಾಳ ದಿನ ಆಯ್ತು ಇಲ್ಲಿ ಏನೂ ಬರದಿದ್ದಿಲ್ಲ. ತೊಗರಿ ರಾಶಿ, ಅದರ ಬೆನ್ನಿಗೇ ಕಡ್ಲಿ, ನಡುವ ನಮ್ಮ ಅತ್ತಿಯವರ ಮೊಣಕಾಲ ಬ್ಯಾನಿ. ಕುಂತು ನಾಕು ಸಾಲು ಬರಿಬೇಕಂದ್ರ ಫುರಸತ್ತೇ ಸಿಗಲಿಲ್ಲ. ಹೋದ ಸಲ ಎಳ್ಳ ಅಮಾಸಿ ಭಜ್ಜಿಗಿ ಯಾವ್ಯಾವ ಕಾಳು ಹಾಕ್ತೀವಿ ಅಂತ ಬರದಿದ್ದೆ. ಭಾಲ್ಕಿ ವೈನಿ ಫೋನ್ ಮಾಡಿ "ಹುಣಸಿ ರಸ ಹೇಳಾದೇ ಮರ್ತಿ ನೋಡು" ಅಂದ್ರು. ಖರೇ, ಮರ್ತಿದ್ದೆ. ಈ ಸಲ ಅಡಿಗಿ ಸುದ್ದಿ ಅಲ್ಲ, ಬಸ್ಸಿನ ಸುದ್ದಿ. ಆದ್ರ ಶುರು ಆಗಾದು ಅದೇ ಭಜ್ಜಿ ಊಟದಿಂದೇ.

ನಿಮಗ ಗೊತ್ತದ, ನನ್ನ ನೆಗೆಣ್ಣಿ ಮಗ ಸರ್ಕಾರಿ ನೌಕರಿದಾಗ ಇದ್ದಾನ, ಸಾಹೇಬ. ಯಾವ ಇಲಾಖಿ, ಯಾವ ಊರು ಅಂತ ಬರಿಯಲ್ಲ, ಅವನೇ ಬ್ಯಾಡ ಅಂದಾನ. "ಬಾಕಿದು ಏನಾಯ್ತೋ ಅದು ಬರಿ ಕಾಕಿ, ನನ್ನ ಮರ್ಯಾದಿ ಜರಾ ನೋಡ್ಕೋ" ಅಂದ. ನೆಗೆಣ್ಣಿ ಭಿ ಇದು ಓದ್ತಾಳ, ಅದಕ್ಕ ಮೊದಲೇ ಹೇಳಿಬಿಡ್ತೀನಿ. ಸಿಟ್ಟು ಬ್ಯಾಡವ್ವ, ಮಗನ ಬಗ್ಗಿ ಕೆಟ್ಟದ್ದೇನೂ ಬರದಿಲ್ಲ. ಒಂದು ಜಾಗಾದಾಗ ಥೋಡೆ ಬರದೀನಿ, ಮುಂದ ಅದು ಸರಿ ಆಗ್ತಾದ.

ಎಳ್ಳ ಅಮಾಸಿ ದಿನ ಹೊಲಕ್ಕ ಎಲ್ಲಾರೂ ಬಂದಿದ್ರು. ಅವ ಸರ್ಕಾರಿ ಜೀಪಿನ್ಯಾಗ ಬಂದ. ಜೀಪು ಬಾಂದಿನ ಮ್ಯಾಲ ನಿಂತಿತು, ಹುಡುಗ್ರೆಲ್ಲ ಅದರ ಸುತ್ತ. ಡ್ರೈವರ್ ಅಣ್ಣ ದೂರ ಬೇವಿನ ಗಿಡದ ಬುಡಕ ಒಬ್ಬನೇ ಕುಂತಿದ್ದ. ನಾನು ಕರದು ಪಂಗತಿಯಾಗ ಕೂಡಿಸಿದೆ. ನನ್ನ ತಮ್ಮ ಭಿ ತವರೂರಿಂದ ಮಗಳನ್ನ ಕರ್ಕೊಂಡು ಬಂದಿದ್ದ. ಹುಡುಗಿ ಪಿಯುಸಿ ಎರಡನೇ ವರ್ಷ, ಸಾಯನ್ಸು. ಭಾಲ್ಕಿಗಿ ದಿನಾ ಹೋಗಿ ಬರ್ತಾಳ. ಭಜ್ಜಿ ಬಡಿಸಲತ್ತಾಗ ನೋಡಿದೆ, ಹುಡುಗಿ ತಲಿ ಕೆಳಗ ಹಾಕಿ ಕುಂತಾಳ, ಅಂಬಲಿ ಮುಟ್ಟಿಲ್ಲ. ಏನಾಯ್ತು ಅಂದ್ರ ತಮ್ಮನೇ ಹೇಳಿದ: "ಸಾಕು ಅಕ್ಕಾ, ಇನ್ನು ಕಾಲೇಜು ಬ್ಯಾಡ. ಸಂಜಿಕಿ ಬಸ್ಸಿಲ್ಲ, ಮನಿ ಮುಟ್ಟಾದ್ರಾಗ ಕತ್ತಲಿ ಆಗ್ತಾದ. ಮೊನ್ನಿ ಏಳೂವರಿ ಆಯ್ತು. ಊರಾಗ ನಾಕು ಮಂದಿ ನಾಕು ಮಾತಾಡ್ತಾರ. ಪರೀಕ್ಷಾ ಮನ್ಯಾಗ ಓದಿ ಕುಂತ್ರಾಯ್ತು, ಮುಂದ ಮದಿ ನೋಡಮು."

ನನಗ ಕೈಯಾಗಿನ ಸಟ್ಟುಗ ಹಂಗೇ ನಿಂತಿತು. ಯಾಕಂದ್ರ ಇದೇ ಮಾತು ನಮ್ಮಪ್ಪ ನನಗ ಅಂದಿದ್ರು. ಅದೇ ಊರು, ಅದೇ ರೋಡು. ನಾನು ಭಿ ಅಲ್ಲಿಂದೇ ಭಾಲ್ಕಿಗಿ ಹೋಗಿ ಪಿಯುಸಿ ಮುಗಿಸಿದಾಕಿ. ಮುಂದ ಬಿ.ಎ.ಕ್ಕ ಬೀದರಕ್ಕ ಹೋಗಬೇಕು ಅಂತ ಭಾಳ ಇತ್ತು. ಬೀದರಿಂದ ಸಂಜಿಕಿ ಹೊಳ್ಳಿ ಬರಾ ಬಸ್ಸು ಹೊತ್ತಿಗಿ ಸರಿ ಆಗಲಿಲ್ಲ. ಅಷ್ಟೇ ಕಾರಣ. ಅಪ್ಪ ಕೆಟ್ಟವರಲ್ಲ, ನನ್ನ ಪುಸ್ತಕ ತಾವೇ ಪೇಟಿಯಿಂದ ತಂದುಕೊಟ್ಟವರು. ಮುಂದಿನ ವರ್ಷ ಏಕಂಬಾಕ್ಕ ಸೊಸಿ ಆಗಿ ಬಂದೆ. ಇದರ ಬಗ್ಗಿ ನಾನು ಯಾರಿಗೂ ಹೇಳಿಲ್ಲ, ನಮ್ಮ ಮನಿಯವರಿಗಿ ಭಿ ಈ ವರ್ಷನೇ ಹೇಳಿದ್ದು.

ಆಗ ಸಾಹೇಬ ಬಾಯಿ ಹಾಕಿದ. "ಮಾಮಾ, ಆ ರೂಟಿಗಿ ದಿನಾ ಆರು ಟ್ರಿಪ್ ಅವ. ನಾನೇ ಒಂದು ಮೀಟಿಂಗ್‌ದಾಗ ಕಾಗದ ನೋಡೀನಿ. ಸಂಜಿಕಿ ನಾಕೂ ಹದಿನೈದಕ್ಕ ವಿದ್ಯಾರ್ಥಿಗಳ ಸಲುವಾಗೇ ಒಂದು ಬಸ್ ಬಿಟ್ಟಾರ." ಹುಡುಗಿ ತಲಿ ಎತ್ತಿ ನೋಡಿದಳು, ಮಾತಾಡಲಿಲ್ಲ. ದೊಡ್ಡವರ ಮುಂದ, ಅದೂ ಸಾಹೇಬ್ರ ಮುಂದ, ಏನು ಮಾತಾಡ್ತಾಳ.

ನಾನು ಅಂದೆ: "ಕಾಗದದಾಗ ಆರು ಇರಬಹುದಪ್ಪ. ಒಂದು ದಿನ ನಮ್ಮ ಸಂಗಟ ಬಾ. ಜೀಪ್ ಬ್ಯಾಡ, ಡ್ರೈವರ್ ಬ್ಯಾಡ. ಮುಂಜಾನಿ ಹೋಗಮು, ಸಂಜಿಕಿ ಬರಮು." ಎಲ್ಲಾರೂ ನಕ್ಕರು. ಅವನೂ ನಕ್ಕ. ಅತ್ತಿಯವರು ಒಬ್ಬರೇ ನಗಲಿಲ್ಲ, "ಹೋಗು, ನಿನ್ನ ಅಜ್ಜ ನಡಕೊಂತ ಔರಾದಕ್ಕ ಹೋಗತಿದ್ದ" ಅಂದ್ರು. ಅತ್ತಿಯವರ ಮಾತು ತೆಗೆದು ಹಾಕಲಕ್ಕ ನಮ್ಮ ಮನ್ಯಾಗ ಯಾವ ಸಾಹೇಬನ ಕೈಲಿಂದೂ ಆಗಲ್ಲ.

ಅವನು ಬಂದ ಸುದ್ದಿ ಹೇಳಾಕಿಂತ ಮೊದಲು ನನ್ನ ತಪ್ಪು ಭಿ ಹೇಳಬೇಕು. ಎರಡು ವರ್ಷದ ಹಿಂದ ಔರಾದ ಅಮರೇಶ್ವರ ಜಾತ್ರಿಗಿ ನಾನು ಅದೇ ಜೀಪಿನ್ಯಾಗ ಹೋಗಿದ್ದೆ. ಕಿಡಕಿ ಬಾಜೂ ಕುಂತಿದ್ದೆ. ರೋಡಿನ ಮ್ಯಾಗ ನಮ್ಮ ಓಣಿ ಹೆಣ್ಮಕ್ಕಳು ಬಸ್ಸಿಗಿ ಕಾಯಲತ್ತಿದ್ರು, ಕೈ ಮಾಡಿದ್ರು. ನಾನು ಭಿ ಕೈ ಮಾಡಿದೆ. ಗಾಡಿ ನಿಂದರಸು ಅಂತ ಬಾಯಿಗಿ ಬರಲಿಲ್ಲ ನನಗ. ಸರ್ಕಾರಿ ಗಾಡಿ ಮನಿ ಕೆಲಸಕ್ಕ ಬಳಸಬಾರದು ಅಂತ ನನಗ ಗೊತ್ತಿರಲಿಲ್ಲ ಅಂತಲ್ಲ, ಗೊತ್ತಿತ್ತು. ಮಸ್ತ್ ಅನ್ನಿಸಿತು, ಕುಂತೆ. ಅವತ್ತು ಬಸ್ಸಿಗಿ ನಿಂತವರು ಇದು ಓದಲತ್ತಿದ್ರ ಕ್ಷಮಿಸ್ರಿ.

ಮಂತ್ರಿಗಳು, ದೊಡ್ಡ ಅಧಿಕಾರಿಗಳು ಬಸ್ಸಿನ್ಯಾಗ, ರೈಲಿನ್ಯಾಗ ಓಡಾಡಬೇಕು ಅಂತ ಮಂದಿ ಎಲ್ಲಾ ಕಡಿ ಅಂತಾರ, ಹೊಸ ಮಾತೇನಲ್ಲ. ಗಾಂಧೀಜಿ ಆಫ್ರಿಕಾದಿಂದ 1915ರಾಗ ಹೊಳ್ಳಿ ಬಂದ ಮ್ಯಾಲ ರೈಲಿನ ಮೂರನೇ ದರ್ಜಾದಾಗ ದೇಶ ಎಲ್ಲಾ ತಿರುಗ್ಯಾಡಿದ್ರು. 1917ರಾಗ ಆ ಡಬ್ಬಿ ಒಳಗಿನ ಹೊಲಸು, ಗದ್ಲ, ಕೂಡಲಕ್ಕ ಜಾಗಾ ಇಲ್ಲದ ತಕಲೀಫು ಎಲ್ಲಾ ಬರದು ಪತ್ರಿಕಾಕ್ಕ ಕಳಿಸಿದ್ರು. ನಾನು ಅದರಾಗ ಮೆಚ್ಚಾದು ಏನಂದ್ರ, ಅವರು ಕುಂತು ಬಂದು ಸುಮ್ನ ಇರಲಿಲ್ಲ, ನೋಡಿದ್ದು ಬರದಿಟ್ರು. ಲಾಲ್ ಬಹದ್ದೂರ್ ಶಾಸ್ತ್ರಿಗಳದ್ದು ಇನ್ನೊಂದು. 1956ರಾಗ ಮಹಬೂಬನಗರದ ಹತ್ರ ರೈಲು ಬಿದ್ದಾಗ ಅವರು ರೈಲ್ವೆ ಮಂತ್ರಿ, ರಾಜೀನಾಮಾ ಕೊಟ್ರು, ನೆಹರೂ ತಗೋಲಿಲ್ಲ. ಆಗ ಮಹಬೂಬನಗರ, ನಮ್ಮ ಬೀದರ ಎರಡೂ ಒಂದೇ ಹೈದರಾಬಾದ್ ರಾಜ್ಯದಾಗ ಇದ್ವು. ಸುಮಾರು ಮೂರು ತಿಂಗಳಿಗಿ ತಮಿಳುನಾಡ ಕಡಿ ಅರಿಯಲೂರಿನಾಗ ಮತ್ತೊಂದು ರೈಲು ಬಿತ್ತು, ಮತ್ತ ಕೊಟ್ರು, ಅವಾಗ ತಗೊಂಡ್ರು.

ಈಗಿನ ಮಂದಿದು ಬ್ಯಾರೆ. ಅವಾಗ ಮುಖ್ಯಮಂತ್ರಿ ಆಗಿದ್ದ ಸಿದ್ದರಾಮಯ್ಯನವರು 2023ರ ಜೂನ್ 11ಕ್ಕ ಶಕ್ತಿ ಯೋಜನಾ ಶುರು ಮಾಡಿದಾಗ ವಿಧಾನಸೌಧದ ಮುಂದ ಬಸ್ ಏರಿ ತಾವೇ ಕಂಡಕ್ಟರ್ ಆಗಿ ಹೆಣ್ಮಕ್ಕಳಿಗಿ ಟಿಕೇಟ್ ಹರದು ಕೊಟ್ರು. ನಾವೆಲ್ಲ ಟಿವಿಯಾಗ ನೋಡೀವಿ. 2025ರ ಜುಲೈ 14ಕ್ಕ ಟಿಕೇಟು 500 ಕೋಟಿ ಆದಾಗ ಮತ್ತ ಬಸ್ ಏರಿ ಕೊಟ್ರು. ತಪ್ಪೇನಿಲ್ಲ. ಆ ಸೊನ್ನಿ ಟಿಕೇಟಿಂದ ನಾನು ತವರಿಗಿ ತಿಂಗಳಿಗಿ ಒಮ್ಮಿ ಹೋಗಲತ್ತೀನಿ, ಮೊದಲು ವರ್ಷಕ್ಕ ಎರಡು ಸಲ. ಗಂಡನ ಮುಂದ ಕೈ ಚಾಚಾದು ತಪ್ಪಿತು. ಯಾರರ ಬೈದ್ರ ನಾ ಸುಮ್ನ ಇರಲ್ಲ. ಆದ್ರ ವಿಧಾನಸೌಧದ ಮುಂದಿನ ಬಸ್ಸಿನ್ಯಾಗ ಅವರಿಗಿ ಕಂಡಿದ್ದು ನಗಾ ಹೆಣ್ಮಕ್ಕಳು, ಹೂವಿನ ಹಾರ. ಬಾಗಿಲಿಗಿ ಜೋತು ಬಿದ್ದಾಕಿ ಆ ಬಸ್ಸಿನ್ಯಾಗ ಇರಲ್ಲ.

ಬೆಂಗಳೂರಾಗ 2010ರ ಫೆಬ್ರವರಿಯಿಂದ ಪ್ರತಿ ತಿಂಗಳು 4ನೇ ತಾರೀಖು ಬಸ್ ದಿನ ಅಂತ ಮಾಡಿದ್ರು, ಆಗ ಆರ್. ಅಶೋಕ ಸಾರಿಗಿ ಮಂತ್ರಿ. ಅವತ್ತರ ಸ್ವಂತ ಗಾಡಿ ಬಿಟ್ಟು ಬಸ್ಸಿನ್ಯಾಗ ಬರ್ರಿ ಅಂತ. ಚೆನ್ನೈದಾಗ ಸ್ಟಾಲಿನ್ ಅವರು 2022ರ ಮೇ 7ಕ್ಕ 29ಸಿ ಬಸ್ ಏರಿ ಹೆಣ್ಮಕ್ಕಳಿಗಿ ಬಸ್ ಹೆಂಗದ ಅಂತ ಕೇಳಿದ್ರು, ಅದು ಅವರು ಸಾಲಿಗಿ ಹೋಗತಿದ್ದ ಬಸ್ಸಂತ. ಆ ಮಾತು ನನಗ ಸೇರ್ತು. ಸಣ್ಣಾಗಿದ್ದಾಗ ಹತ್ತಿದ ಬಸ್ಸು ಯಾರಿಗಿ ಮರೀತಾದ. ಕೇರಳದವರು 2023ರ ನವೆಂಬರ್ 18ಕ್ಕ ನಮ್ಮ ಕನ್ನಡದ ಮಂದಿ ಇರಾ ಮಂಜೇಶ್ವರದಿಂದೇ ಹೊಂಟು, ಮುಖ್ಯಮಂತ್ರಿ, ಮಂತ್ರಿಗಳು ಎಲ್ಲಾರೂ ಒಂದೇ ಬಸ್ಸಿನ್ಯಾಗ ತಿರುವನಂತಪುರಂ ತನಕ ಹೋದ್ರು. ಆ ಬಸ್ಸಿಗಿ ಒಂದು ಕೋಟಿ ಮ್ಯಾಲ ಖರ್ಚು. ಬಸ್ಸೇ ಖರೇ, ಆದ್ರ ಅದರಾಗ ಬುಟ್ಟಿ ಇಟ್ಕೊಂಡು ಕುಂತ ಮುದುಕಿ ಎಲ್ಲಿ?

ನಮ್ಮ ಕಡಿ ಮಂದಿಗಿ ಸರ್ಕಾರಿ ಬಸ್ಸೇನು ಹೊಸದಲ್ಲ. ನಿಜಾಮನ ರಾಜ್ಯದಾಗ 1932ರಾಗೇ 27 ಬಸ್ಸಿನಿಂದ ಸರ್ಕಾರವೇ ಬಸ್ ಓಡಿಸಾದು ಶುರು ಮಾಡಿತ್ತು, ಮೈಸೂರು ಸರ್ಕಾರದ್ದು 1948ರಾಗ. ಅಂದ್ರ ಈ ವಿಷಯದಾಗ ನಾವೇ ಹಿರೇರು. ಅತ್ತಿಯವರಿಗಿ ಇದು ಹೇಳಿದ್ರ "ನಮ್ಮೂರಿಗಿ ಆ 27ರಾಗ ಒಂದೂ ಬಂದಿಲ್ಲ" ಅಂದ್ರು.

ಗಡಿ ಮಂದಿಗಿ ಇನ್ನೊಂದು ತಮಾಷಾ ಗೊತ್ತಿರ್ತಾದ. ಉದಗೀರಕ್ಕ ಹೋಗಾಗ ಮಹಾರಾಷ್ಟ್ರದ ಲಾಲ್ ಬಸ್ ಹತ್ತೀವಲ್ಲ, ಅದರಾಗ ಸೀಟಿನ ಮ್ಯಾಲ ಆಮದಾರ, ಖಾಸದಾರ ಅಂತ ಮರಾಠಿದಾಗ ಬರದಿರ್ತಾದ. ಶಾಸಕರಿಗಿ, ಸಂಸದರಿಗಿ ಮೀಸಲು. ನಾನು ಮೂವತ್ತು ವರ್ಷದಿಂದ ಆ ಸೀಟಿನ್ಯಾಗೇ ಕೂಡಲತ್ತೀನಿ, ಯಾಕಂದ್ರ ಮುಂದಿನದು, ಧಡಕಿ ಕಮ್ಮಿ. ಏಳವ್ವ, ಆಮದಾರ ಬಂದಾರ ಅಂತ ಒಬ್ಬ ಕಂಡಕ್ಟರೂ ನನಗ ಎಬ್ಬಿಸಿಲ್ಲ. ಒಂದು ಸಲ ಆ ಸೀಟಿನ್ಯಾಗ ಒಬ್ಬರು ಮೇಕಿ ಮರಿ ಹಿಡ್ಕೊಂಡು ಕುಂತಿದ್ರು. ಅಲ್ಲಿ ಹೆಣ್ಮಕ್ಕಳಿಗಿ 2023ರ ಮಾರ್ಚ್‌ದಿಂದ ಅರ್ಧ ಟಿಕೇಟು, ತೆಲಂಗಾಣದಾಗ ಅದೇ ವರ್ಷ ಡಿಸೆಂಬರ್‌ದಿಂದ ಫುಕಟ್ಟು, ನಮ್ಮಲ್ಲಿ ಜೂನ್‌ದಿಂದ. ಆದ್ರ ಒಂದು ರಾಜ್ಯದ್ದು ಇನ್ನೊಂದರಾಗ ನಡಿಯಲ್ಲ. ಮೂರು ರಾಜ್ಯದ ನಡುವ ಕುಂತ ನಮ್ಮಂಥವರು ಆಧಾರ ಕಾರ್ಡು ಒಂದು ಕೈಯಾಗ, ಚಿಲ್ಲರಿ ಒಂದು ಕೈಯಾಗ ಹಿಡ್ಕೊಂಡೇ ಮನಿ ಬಿಡ್ತೀವಿ.

ಹೊಳ್ಳಿ ನಮ್ಮ ಸಾಹೇಬನ ಸುದ್ದಿಗಿ ಬರ್ತೀನಿ. ಸಂಕ್ರಾಂತಿ ಆದ ಮ್ಯಾಲ ಒಂದು ಸೋಮವಾರ, ರಜಾ ಹಾಕಿ ಬಂದ. ನಾನು ಹಿಂದಿನ ದಿನನೇ ತವರಿಗಿ ಹೋಗಿದ್ದೆ. ಅವನು ಭಿ ರಾತ್ರಿ ಅಲ್ಲೇ ಬಂದು ಮಲಗಿದ. ಬಿಳಿ ಅಂಗಿ ಹಾಕ್ಕೊಂಡು ತಯಾರಾಗಿದ್ದ, ನಾನು ಬಿಚ್ಚಿಸಿ ತಮ್ಮನ ಒಂದು ಚೌಕಡಿ ಅಂಗಿ ಹಾಕಿಸಿದೆ. ಹುಡುಗಿ ಮುಸಿ ಮುಸಿ ನಗಲತ್ತಿದ್ದಳು.

ಆರು ಟ್ರಿಪ್ ಹೆಂಗ ಅವ ಕೇಳ್ರಿ. ಮುಂಜಾನಿ ಮೊದಲನೇದು ಆರೂಮುಕ್ಕಾಲಕ್ಕ. ಕಾಲೇಜು ಒಂಬತ್ತೂವರಿಗಿ. ಆರೂಮುಕ್ಕಾಲಕ್ಕ ಹೋದ್ರ ಭಾಲ್ಕಿಯಾಗ ಕಟ್ಟಿ ಮ್ಯಾಗ ಎರಡು ತಾಸು ಕೂಡಬೇಕು, ಮತ್ತ ಹುಡುಗಿ ನಸುಕಿನ್ಯಾಗೇ ಎದ್ದು ರೊಟ್ಟಿ ಬಡಿಬೇಕು. ಎರಡನೇದು ಎಂಟೂಕಾಲು. ಅದು ದೂರದಿಂದ ಬರ್ತಾದ, ನಮ್ಮೂರಿಗಿ ಬರಾದ್ರಾಗ ಬಾಗಿಲ ತನಕ ತುಂಬಿರ್ತಾದ. ಮೂರನೇದು ಹತ್ತಕ್ಕ, ಅದು ಕಾಲೇಜಿಗಿ ಉಪಯೋಗಿಲ್ಲ. ಅಂದ್ರ ಕಾಗದದಾಗ ಮುಂಜಾನಿ ಮೂರು, ಹುಡುಗ್ಯೋರಿಗಿ ಒಂದು, ಅದೂ ನಿಂತ್ರ.

ಅವತ್ತು ಎಂಟೂಮುಕ್ಕಾಲಿಗಿ ಬಂತು. ಸ್ಟಾಪಿನ್ಯಾಗ ನಾವು ಮೂವರು ಹಿಡಿದು ಇಪ್ಪತ್ತು ಮಂದಿ ಇದ್ದಿವಿ, ಅದರಾಗ ಹನ್ನೊಂದು ಹುಡುಗ್ಯೋರು. ಡ್ರೈವರ್ ನಿಂದರಸಲೋ ಬ್ಯಾಡೋ ಅಂತ ಮುಂದ ಹೋಗಿ ನಿಂದರಸಿದ. ಎಲ್ಲಾರೂ ಓಡಿದ್ರು. ನಾನು ಈ ವಯಸ್ಸಿನಾಗ ಸೀರಿ ಎತ್ತಿ ಹಿಡಿದು ಓಡಿದ್ದು ನಿಮಗ ನೋಡಲಕ್ಕ ಸಿಗಲಿಲ್ಲ, ಪುಣ್ಯಾ ನನ್ನದು. ಸಾಹೇಬ ಎಲ್ಲಾರಕಿಂತ ಹಿಂದ ಉಳದ. ಅವನಿಗಿ ಬಸ್ಸಿಗಿ ಓಡಾ ರೂಢಿ ಹೋಗಿಬಿಟ್ಟದ. ಮೆಟ್ಟಲ ಮ್ಯಾಗ ಒಂದು ಕಾಲು, ಒಂದು ಕಾಲು ಗಾಳಿಯಾಗ, ಹಿಂಗ ಒಂದು ಊರ ತನಕ ಬಂದ.

ಕಂಡಕ್ಟರ್ ಮ್ಯಾಗ ನನಗ ಸಿಟ್ಟು ಬರಲಿಲ್ಲ, ಖರೇ ಹೇಳ್ತೀನಿ. ಆ ಗದ್ಲದಾಗ ಮಿಷನ್ ಎತ್ತಿ ಹಿಡಿದು ಒಬ್ಬೊಬ್ಬರದೇ ಆಧಾರ ನೋಡಿ ಸೊನ್ನಿ ಟಿಕೇಟ್ ಕೊಡಬೇಕು, ಕೊಡದಿದ್ರ ಅವನ ನೌಕರಿಗಿ ಬರ್ತಾದ. ಅವನಿಗಿ ಉಸಿರಾಡಲಕ್ಕ ಜಾಗಾ ಇರಲಿಲ್ಲ. ಬಸ್ ಹೆಚ್ಚಾಗಲಿಲ್ಲ, ಮಂದಿ ಹೆಚ್ಚಾದ್ರು. ಅದಕ್ಕ ಅವ ಏನು ಮಾಡ್ತಾನ.

ಎರಡು ಊರು ದಾಟಿದ ಮ್ಯಾಲ ಒಬ್ಬ ಪಂಚಾಯಿತಿ ಮೆಂಬರ್ ಹತ್ತಿದ. ಇವನ್ನ ನೋಡಿದ, ಕಣ್ಣು ಅಗಲ ಮಾಡಿದ. "ಸಾಹೇಬ್ರ! ನೀವು? ಗಾಡಿ ಕೆಟ್ಟದ ಏನು?" ಅಂದ. ಅಷ್ಟೇ ಸಾಕಾಯ್ತು. ಕಿಡಕಿ ಬಾಜೂ ಕುಂತ ಒಬ್ಬ ಮುದುಕಿಗಿ "ಏ ಆಯಿ, ಏಳು, ಸಾಹೇಬ್ರು ನಿಂತಾರ" ಅಂತ ಎಬ್ಬಿಸೇಬಿಟ್ಟ. ಮುದುಕಿ ಭಿ ಎದ್ದಳು, ಎದಿಗಿ ಗಂಟು ಅವಚಿಕೊಂಡು. ಮತ್ತ ನಮ್ಮ ಸಾಹೇಬ ಏನು ಮಾಡಿದ? ಕುಂತ.

ನೆಗೆಣ್ಣಿ, ಇದೇ ಆ ಜಾಗಾ.

ಅವ ಬೇಕಂತ ಕುಂತಿದ್ದಲ್ಲ. ನಾಕು ಮಂದಿ ಕೂಡ್ರಿ ಕೂಡ್ರಿ ಅಂತ ದಬ್ಬಿದ್ರು, ಎಂಟು ವರ್ಷದಿಂದ ಕೂಡ್ರಿ ಅಂದಲ್ಲಿ ಕೂಡಾ ರೂಢಿ ಬಿದ್ದದ. ನಾನು ಹಿಂದಿಂದ ನೋಡಲತ್ತಿದ್ದೆ. ಏನೂ ಅನ್ನಲಿಲ್ಲ, ಬರೇ ನೋಡಿದೆ. ಅವ ತಿರುಗಿ ನನ್ನ ಮುಖ ನೋಡಿದ, ಸುಡಾ ಹಂಚಿನ ಮ್ಯಾಲಿಂದ ಎದ್ದಂಗ ಎದ್ದ. ಮುದುಕಿಗಿ ಕೈ ಹಿಡಿದು ಕೂಡಿಸಿದ. ಮುದುಕಿ "ನೀವೇ ಕೂಡ್ರಿ ಯಪ್ಪಾ, ನಾ ಇಲ್ಲೇ ಇಳಿತೀನಿ" ಅಂದಳು. ಭಾಲ್ಕಿ ತನಕ ಇಳಿಲಿಲ್ಲ ಆಕಿ.

ಆ ಒಂದು ಮಿನಿಟಿನ್ಯಾಗ ನನಗ ಒಂದು ಮಾತು ತಿಳೀತು. ದೊಡ್ಡವರು ಬಸ್ಸಿನ್ಯಾಗ ಬರ್ತೀನಿ ಅಂತ ಹೇಳಿ ಬಂದ್ರ, ಬಸ್ಸು ಬಸ್ಸಾಗಿ ಉಳಿಯಲ್ಲ. ಮಂತ್ರಿ ಒಬ್ಬರು ಹತ್ತಿದ್ರ ಸಂಗಟ ಪೋಲೀಸ್ರು, ಪಿ.ಎ.ಗಳು, ಫೋಟೋದವರು ಹತ್ತಾರ ಮಂದಿ. ಅಷ್ಟು ಸೀಟು ಹೋದ್ವು. ಇಳಿಬೇಕಾದವರು ನಾವು. ಅದಕ್ಕ ಮುಖ್ಯಮಂತ್ರಿ ದಿನಾ ಬಸ್ಸಿನ್ಯಾಗ ಬರಬೇಕು ಅಂತ ಯಾರರ ಅಂದ್ರ ನಾನು ಬ್ಯಾಡ ಅಂತೀನಿ. ಮಾಂಜ್ರಾ ತುಂಬಿ ಬಂದು ಹೊಲ ನೀರಾಗ ಮುಳುಗಿದಾಗ ಡಿ.ಸಿ. ಸಾಹೇಬ್ರು ಬಸ್ಸಿಗಿ ಕಾಯಕೊಂತ ನಿಂದರಬೇಕಾ? ಅವಾಗ ಅವರಿಗಿ ಜೀಪು ಬೇಕು, ಜಲ್ದಿ ಬರಬೇಕು, ಬಂದಾರ ಭಿ. ಗಾಡಿ ಕೆಲಸಕ್ಕ ಕೊಟ್ಟಿದ್ದು, ಕೆಲಸಕ್ಕ ಬಳಸಲಿ. 2017ರ ಮೇ 1ರಿಂದ ಗಾಡಿ ಮ್ಯಾಲಿನ ಕೆಂಪು ದೀಪ ತೆಗೆಸಿದ್ರಲ್ಲ, ದೀಪ ಹೋಯ್ತು, ರೋಡಿನ್ಯಾಗ ಮಂದಿ ಬಾಜೂ ಸರಿಯಾದು ಹೋಗಿಲ್ಲ.

ಆದ್ರ ಇನ್ನೊಂದು ಮಗ್ಗಲು ಭಿ ಅದ. ಬೀದರಿಂದ ಬೆಂಗಳೂರಿಗಿ ವಿಮಾನ 2020ರ ಫೆಬ್ರವರಿ 7ಕ್ಕ ಶುರು ಆಯ್ತು. ನಡುವ ನಿಂತಿತು. ನಿಂತಾಗ ಪೇಪರಿನ್ಯಾಗ ಎಷ್ಟು ಸಲ ಬಂತು ನೆನಪು ಮಾಡ್ಕೋರಿ. 2025ರಾಗ ಮತ್ತ ಶುರು ಆಯ್ತು. ಬರಲಿ, ಬ್ಯಾಡ ಅನ್ನಲ್ಲ, ನನ್ನ ಮಗನೇ ಬೆಂಗಳೂರಾಗ ಇದ್ದಾನ. ಆದ್ರ ನಮ್ಮ ಸಂಜಿ ಬಸ್ಸು ಒಂದು ವಾರ ಬರಲಿಲ್ಲ ಅಂದ್ರ ಯಾವ ಪೇಪರಿನ್ಯಾಗೂ ಬರಲ್ಲ. ಬರೆಯಾ ಮಂದಿ, ಬರಿಸಾ ಮಂದಿ ಯಾರೂ ಅದರಾಗ ಕೂಡಲ್ಲ. ಅಲಹಾಬಾದ್ ಹೈಕೋರ್ಟು 2015ರಾಗ ಸಾಲಿ ಬಗ್ಗಿ ಇದೇ ಮಾತು ಅಂದಿತ್ತು, ಅಧಿಕಾರಿಗಳು, ರಾಜಕಾರಣಿಗಳ ಮಕ್ಕಳು ಸರ್ಕಾರಿ ಸಾಲಿಗೇ ಹೋಗಬೇಕು ಅಂತ. ಪೇಪರಿನ್ಯಾಗ ಓದಿ ನಾವು ಹೆಣ್ಮಕ್ಕಳು ಎಷ್ಟು ಖುಷಿ ಆಗಿದ್ದಿವಿ!

ಸಂಜಿದು ಹೇಳಾದು ಉಳೀತು. ಅದೇ ಮುಖ್ಯ.

ಹಗಲೆಲ್ಲ ಅವ ಭಾಲ್ಕಿಯಾಗ ಗೆಳೆಯನ ಅಂಗಡಿಯಾಗ ಕುಂತಿದ್ದ, ನಾನು ಅಕ್ಕನ ಮನ್ಯಾಗ. ನಾಕು ಗಂಟೆಗಿ ಬಸ್ ಸ್ಟ್ಯಾಂಡಿಗಿ ಬಂದಿವಿ. ನಾಕೂ ಹದಿನೈದಕ್ಕ ಬರೋಬರ್ ಆ ವಿದ್ಯಾರ್ಥಿಗಳ ಬಸ್ಸು ಬಂತು. ಟೈಮಿಗಿ ಬಂತು, ಟೈಮಿಗಿ ಹೊಂಟಿತು. ಒಳಗ ಹದಿನೈದು ಮಂದಿ ಇರಲಿಲ್ಲ. ಸಾಹೇಬ ನನ್ನ ಮುಖ ನೋಡಿದ, ನೋಡು ಕಾಕಿ, ಖಾಲಿ ಬಸ್ಸು, ಅಂದಂಗ. ನಾನು ಅಂದೆ, "ಹುಡುಗ್ಯೋರು ಎಲ್ಲಿ?"

ಕಾಲೇಜು ಬಿಡಾದು ನಾಕೂವರಿಗಿ. ಅಲ್ಲಿಂದ ನಡಕೊಂತ ಬರಲಕ್ಕ ಹತ್ತು ಮಿನಿಟು. ನಾಕೂ ನಲವತ್ತಕ್ಕ ಹುಡುಗ್ಯೋರೆಲ್ಲ ಓಡಿ ಬಂದ್ರು, ಬಸ್ಸು ಹೋಗಿ ಇಪ್ಪತ್ತೈದು ಮಿನಿಟ್ ಆಗಿತ್ತು. ಮುಂದಿನ ಬಸ್ಸು ಆರೂಕಾಲಕ್ಕ. ಅವತ್ತು ಅದು ಬಂದಿದ್ದು ಆರೂಮುಕ್ಕಾಲಕ್ಕ. ಎರಡು ತಾಸು ಆ ಹುಡುಗ್ಯೋರು ಕಂಬಕ್ಕ ಬೆನ್ನು ಹಚ್ಚಿ ನಿಂತಿದ್ರು, ಕುಂತ್ರ ಎದ್ರು ಬಾಜೂ ಗಂಡು ಹುಡುಗ್ರು ಬಂದು ನಿಂದರ್ತಾರಂತ. ಒಬ್ಬಾಕಿ ಮೂತ್ರಕ್ಕ ಹೋಗಬೇಕಂದ್ರ ಮೂವರು ಸಂಗಟ ಹೋದ್ರು. ನೀರು ಕುಡಿಯಲ್ಲ ಅತ್ತಿ, ಮುಂಜಾನಿಂದ ಕುಡಿಯಲ್ಲ, ಅಂದಳು ನಮ್ಮ ಹುಡುಗಿ. ಇದು ಹೇಳಾಗ ಸಾಹೇಬ ಬಾಜೂನೇ ಇದ್ದ. ಅವ ಮುಖ ತಿರುಗಿಸಿ ಬಸ್ಸಿನ ಬೋರ್ಡ್ ನೋಡಲತ್ತಿದ.

ಇಪ್ಪತ್ತೈದು ಮಿನಿಟು. ಅಷ್ಟೇ. ಒಂದು ಬಸ್ಸು ಹೆಚ್ಚು ಬ್ಯಾಡ, ಒಂದು ರೂಪಾಯಿ ಖರ್ಚು ಬ್ಯಾಡ. ಆ ನಾಕೂಕಾಲಿನ ಬಸ್ಸು ನಾಕೂಮುಕ್ಕಾಲಿಗಿ ಬಿಟ್ರ ನಮ್ಮ ಹುಡುಗಿ ಐದೂವರಿಗಿ ಮನ್ಯಾಗ ಇರ್ತಾಳ, ಬೆಳಕಿರ್ತಾದ, ತಮ್ಮ ಮದಿ ಮಾತು ಎತ್ತಲ್ಲ. ಕಾಗದ ನೋಡಿದವರಿಗಿ ಇದು ಜನ್ಮದಾಗ ತಿಳಿಯಲ್ಲ. ಕಾಗದದಾಗ ಬಸ್ಸು ಅದ, ಟೈಮಿಗಿ ಬರ್ತಾದ, ವಿದ್ಯಾರ್ಥಿಗಳ ಸಲುವಾಗಿ ಅಂತ ಬರದದ. ಜೀಪಿನ್ಯಾಗ ಬಾಜೂಲಿಂದ ಹೋಗಿ ನೋಡಿದ್ರೂ ತಿಳಿಯಲ್ಲ, ಖಾಲಿ ಬಸ್ಸು ಹೊಂಟದ, ಮಂದಿನೇ ಇಲ್ಲ, ಬಂದ್ ಮಾಡ್ರಿ ಅಂದ್ರೂ ಅಂದಾರು. ಅದು ತಿಳಿಬೇಕಂದ್ರ ನಾಕೂಕಾಲಿನಿಂದ ಆರೂಮುಕ್ಕಾಲ ತನಕ ಅಲ್ಲಿ ನಿಂದರಬೇಕು. ಬಸ್ಸಿನ್ಯಾಗ ಕೂಡಾದಲ್ಲ, ಬಸ್ಸಿಗಿ ಕಾಯಾದು.

ರಾತ್ರಿ ಬಸ್ಸಿಳಿದು ಊರೊಳಗ ನಡಕೊಂತ ಬರಲತ್ತಾಗ ಸಾಹೇಬ ಹುಡುಗಿಗಿ ಕೇಳಿದ, "ನೀವು ಯಾರಿಗರ ಬರದು ಕೊಡಬೇಕಿತ್ತವ್ವ." ಹುಡುಗಿ ಅಂದಳು, "ಹೋದ ವರ್ಷ ಕೊಟ್ಟೀವಿ ಅಣ್ಣ. ಎಲ್ಲಾರೂ ಸಹಿ ಮಾಡಿ. ಎರಡು ಸಲ."

ಅವ ಮುಂದ ಏನೂ ಮಾತಾಡಲಿಲ್ಲ. ಊಟ ಭಿ ಅರ್ಧ ಮಾಡಿದ. ತಮ್ಮನ ಹೆಂಡತಿ ಪುಂಡಿ ಪಲ್ಯ ಮಾಡಿದ್ದಳು, ಛೊಲೋ ಆಗಿತ್ತು, ನಾನು ಎರಡು ಸಲ ಹಾಕ್ಕೊಂಡೆ.

ಮರುದಿನ ಮುಂಜಾನಿ ಅವ ಯಾರಿಗೋ ಫೋನ್ ಮಾಡಿದ. ಅದು ಅವನ ಇಲಾಖಿ ಅಲ್ಲ, ಪರಿಚಯದವರ ಮ್ಯಾಲಿಂದ ಮಾಡಿಸಿದ. ಹತ್ತು ಮಿನಿಟು ಮಾತು. ಹನ್ನೆರಡನೇ ದಿನಕ್ಕ ಬಸ್ಸು ನಾಕೂಮುಕ್ಕಾಲಿಗಿ ಬಿಡಲತ್ತಿತು.

ಇಲ್ಲಿ ನೀವೆಲ್ಲ ಖುಷಿ ಆಗ್ತೀರಿ, ನಾನು ಭಿ ಆದೆ. ತಮ್ಮನಿಗಿ ಫೋನ್ ಮಾಡಿ ನಾಕು ಮಾತು ಬೈದೆ, ಪರೀಕ್ಷಾ ಮುಗಿಯಾ ತನಕ ಮದಿ ಸುದ್ದಿ ಎತ್ತಿದ್ರ ನಾನು ನಿಮ್ಮ ಮನಿ ಮೆಟ್ಟಲ ಹತ್ತಲ್ಲ ಅಂತ ಹೇಳೀನಿ. ಆದ್ರ ರಾತ್ರಿ ಮಲಗಿದಾಗ ಒಂದು ಮಾತು ಚುಚ್ಚಲತ್ತಿತು. ಹನ್ನೊಂದು ಹುಡುಗ್ಯೋರು ಎರಡು ಸಲ ಸಹಿ ಮಾಡಿ ಕೊಟ್ಟಿದ್ದು ಒಂದು ವರ್ಷದಾಗ ಆಗಲಿಲ್ಲ, ಒಬ್ಬ ಸಾಹೇಬ ಒಂದು ದಿನ ನಿಂತು ಹತ್ತು ಮಿನಿಟ್ ಫೋನ್ ಮಾಡಿದ್ರ ಆಯ್ತು. ಅವ ನನ್ನ ನೆಗೆಣ್ಣಿ ಮಗ ಆಗಿರದಿದ್ರ? ಬಾಜೂ ಊರಿನ ಹುಡುಗ್ಯೋರಿಗಿ ಸಾಹೇಬ ಕಾಕನ ಮಗ ಇಲ್ಲ, ಅವರ ಬಸ್ಸು ಯಾರು ನೋಡ್ತಾರ? ಇದು ನಾನು ಅವನಿಗೇ ಕೇಳಿದೆ. "ಕಾಕಿ, ನನಗ ನಿದ್ದಿ ಬರಲ್ದಂಗ ಮಾಡಬ್ಯಾಡ" ಅಂದ. ಮಾಡಬೇಕಂತೇ ಕೇಳಿದ್ದು.

ಈಗ ಅವ ತಿಂಗಳಿಗಿ ಒಂದು ದಿನ ತನ್ನ ಕಚೇರಿ ಊರಿನ ಬಸ್ಸಿನ್ಯಾಗ ಹೋಗ್ತೀನಿ ಅಂದಾನ, ಯಾರಿಗೂ ಹೇಳದೇ, ಚೌಕಡಿ ಅಂಗಿ ಹಾಕ್ಕೊಂಡು. ತಮ್ಮನ ಅಂಗಿ ಹೊಳ್ಳಿ ಕೊಟ್ಟಿಲ್ಲ. ಎಷ್ಟು ತಿಂಗಳು ನಡಿತಾದೋ ನೋಡಮು. ಒಂದು ಸಲ ಹೋಗಿ ಬಂದಾನ ಅಂತ ನೆಗೆಣ್ಣಿ ಹೇಳಿದಳು, ಫೋಟೋ ಕಳಿಸಿಲ್ಲ, ಅದಕ್ಕ ಖರೇ ಇರಬೇಕು.

ಶನಿವಾರದ್ದು ಇನ್ನೂ ಸರಿ ಆಗಿಲ್ಲ. ಅವತ್ತು ಕಾಲೇಜು ಅರ್ಧ ದಿನ, ಮಧ್ಯಾಹ್ನ ಬಸ್ಸೇ ಇಲ್ಲ. ಈ ಸಲ ಸಾಹೇಬನಿಗಿ ಹೇಳಬ್ಯಾಡ ಅಂತ ಹುಡುಗ್ಯೋರು ತೀರ್ಮಾನ ಮಾಡ್ಯಾರ. ತಾವೇ ಮೂರನೇ ಕಾಗದ ಬರದಾರ, ಬಾಜೂ ಮೂರು ಊರಿನ ಹುಡುಗ್ಯೋರದು ಭಿ ಸಹಿ ಹಾಕಿಸಿ. ನಮ್ಮ ಹುಡುಗಿ ಅದು ನನಗ ಫೋನಿನ್ಯಾಗ ಓದಿ ತೋರಿಸಿದಳು. ಎರಡು ಕಡಿ ಕಾಗುಣಿತ ತಪ್ಪಿತ್ತು, ತಿದ್ದಿ ಹೇಳೀನಿ. ತಾಯಂದಿರದು ಭಿ ಸಹಿ ಬೇಕಂತ, ಭಾಲ್ಕಿ ಕಡಿ ಇರಾ ಅಕ್ಕ ತಂಗೇರು ಬರಾ ಸೋಮವಾರ ಮುಂಜಾನಿ ಎಂಟಕ್ಕ ಸ್ಟಾಪಿಗಿ ಬರ್ರಿ. ನಾನು ಆದಿತ್ವಾರ ಸಂಜಿಕೇ ಬಂದಿರ್ತೀನಿ, ರೊಟ್ಟಿ ಕಟ್ಕೊಂಡು.